ಪಶ್ಚಿಮ ಬಳ್ಳಾರಿಯ ತಿಂಗಳ ಲೆಕ್ಕ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು ಇಂದು 2021ರಲ್ಲಿ ರೂಪುಗೊಂಡ ವಿಜಯನಗರ ಜಿಲ್ಲೆಗೆ ಸೇರಿವೆ. ಅದಕ್ಕೂ ಮೊದಲು ಅವು ಬಳ್ಳಾರಿ ಜಿಲ್ಲೆಯ ಪಶ್ಚಿಮದ ಅಂಚಾಗಿದ್ದವು, ಹರಪನಹಳ್ಳಿ ಮಾತ್ರ 1997ರಿಂದ ಸುಮಾರು ಎರಡು ದಶಕ ದಾವಣಗೆರೆಯ ಆಡಳಿತಕ್ಕೆ ಒಳಪಟ್ಟಿದ್ದು ಮತ್ತೆ ಬಳ್ಳಾರಿಗೆ ಮರಳಿತು. 1800ರಲ್ಲಿ ನಿಜಾಮನಿಂದ ಕಂಪನಿ ಸರ್ಕಾರದ ಕೈಗೆ ಬಂದ ಈ ಸೀಮೆ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿನ ಭಾಗವಾಗಿತ್ತು. ಕೊಟ್ಟೂರು ಮತ್ತು ಹಗರಿಬೊಮ್ಮನಹಳ್ಳಿ ಆಗ ಪ್ರತ್ಯೇಕ ತಾಲ್ಲೂಕುಗಳಾಗಿರಲಿಲ್ಲ. ಬಾಗಳಿ, ಅಂಬಳಿ, ಹಿರೇಹಡಗಲಿಗಳ ಚಾಳುಕ್ಯ ದೇಗುಲಗಳನ್ನೂ ಹರಪನಹಳ್ಳಿ, ಗುಡೇಕೋಟೆಗಳ ಪಾಳೆಯಗಾರರನ್ನೂ ಕುರಿತು ಬರೆದ ಇತಿಹಾಸ ಸಾಕಷ್ಟಿದೆ. ಹೆಂಗಸರ ತಿಂಗಳ ಮುಟ್ಟಿನ ಲೆಕ್ಕವನ್ನು ಯಾವ ಶಾಸನವೂ ಬರೆದಿಡಲಿಲ್ಲ, ಆದರೆ ಮನೆಯ ಒಳಗೆ ಯಾರಿರಬೇಕು, ಮದುವೆ ಯಾವಾಗ ನಡೆಯಬೇಕು, ಯಾವ ಹುಡುಗಿಯನ್ನು ದೇವರಿಗೆ ಬಿಡಬೇಕು ಎಂಬ ನಿರ್ಧಾರಗಳೆಲ್ಲ ಆ ಲೆಕ್ಕದ ಮೇಲೆಯೇ ನಿಂತಿದ್ದವು. ಇಪ್ಪತ್ತನೆಯ ಶತಮಾನದಲ್ಲಿ ಗಣಿತಜ್ಞರು ಸಮೀಕರಣಗಳಲ್ಲಿ ಹಿಡಿಯಲು ಹೊರಟದ್ದೂ ಇದೇ ತಿಂಗಳನ್ನು. ಎರಡೂ ಲೆಕ್ಕಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಒಂದು ಸಂಗತಿ ಗಮನಕ್ಕೆ ಬರುತ್ತದೆ: ಊರಿನ ರೂಢಿ, ಶಾಸ್ತ್ರ, ಸರ್ಕಾರ ಮತ್ತು ಮೊದಮೊದಲ ವೈದ್ಯವಿಜ್ಞಾನ ಎಲ್ಲವೂ ಕಣ್ಣಿಗೆ ಕಾಣುವ ಮೊದಲ ದಿನದಿಂದ ಬೆರಳು ಮಡಿಸಿ ಎಣಿಸಿದವು, ತಿಂಗಳ ನಡುವೆ ಒಳಗೆ ನಡೆಯುವ ಘಟನೆಯನ್ನು ಅಷ್ಟರಿಂದ ಹಿಡಿಯಲಾಗದೆ ಸೋತವು.

ರೂಢಿಯ ಲೆಕ್ಕ ಅತ್ಯಂತ ಕಟ್ಟುನಿಟ್ಟಾಗಿ ಉಳಿದದ್ದು ಗೊಲ್ಲರಹಟ್ಟಿಗಳಲ್ಲಿ. ಕೂಡ್ಲಿಗಿ ತಾಲ್ಲೂಕು ದಕ್ಷಿಣಕ್ಕೆ ಮೊಳಕಾಲ್ಮೂರು, ಜಗಳೂರುಗಳಿಗೆ ಅಂಟಿಕೊಂಡಿದೆ, ಅಲ್ಲಿಂದ ಚಿತ್ರದುರ್ಗ, ತುಮಕೂರುಗಳ ಕಡೆಗೆ ಹಬ್ಬಿರುವ ಕಾಡುಗೊಲ್ಲರ ನೆಲೆಗಳ ಉತ್ತರದ ಅಂಚು ಇಲ್ಲಿಯೇ ಬರುತ್ತದೆ. ಹಟ್ಟಿ ಎಂದರೆ ಕೇವಲ ಮನೆಗಳ ಗುಂಪಲ್ಲ. ಮುಳ್ಳುಬೇಲಿಯೊಳಗೆ ಮನೆ, ಕುರಿರೊಪ್ಪ, ದೇವರ ಗುಡಿ ಒಂದಕ್ಕೊಂದು ತಾಗಿಕೊಂಡಿರುವ, ಇಡಿಯಾಗಿ ಮಡಿ ಎಂದು ಭಾವಿಸಲಾದ ನೆಲ. ಮುಟ್ಟಾದ ಹೆಂಗಸು ಆ ಬೇಲಿಯನ್ನು ದಾಟಿ ಹೊರಗೆ ಬರಬೇಕು, ಮರದ ಬುಡದಲ್ಲೋ ಸಣ್ಣ ಗುಡಿಸಲಿನಲ್ಲೋ ಇದ್ದು, ಮನೆಯವರು ದೂರದಿಂದ ತಂದಿಟ್ಟ ಊಟವನ್ನು ಉಣ್ಣಬೇಕು, ಮೂರು ದಿನ ಕಳೆದ ಮೇಲೆ ತಲೆಗೆ ನೀರು ಹಾಕಿಕೊಂಡು ಒಳಗೆ ಬರಬೇಕು. ಕೆಲವು ಹಟ್ಟಿಗಳಲ್ಲಿ ಈ ಅವಧಿ ಐದು ದಿನಕ್ಕೆ ಹಿಗ್ಗುತ್ತದೆ, ಬಾಣಂತಿಗೆ ಇನ್ನೂ ಹೆಚ್ಚು. ತೀ. ನಂ. ಶಂಕರನಾರಾಯಣ ಅವರು ಕಾಡುಗೊಲ್ಲರ ಸಂಪ್ರದಾಯ ಮತ್ತು ನಂಬಿಕೆಗಳನ್ನು ಕುರಿತು ನಡೆಸಿದ ಅಧ್ಯಯನ ಈ ವಿಧಿಗಳನ್ನು ಕನ್ನಡದಲ್ಲಿ ವ್ಯವಸ್ಥಿತವಾಗಿ ದಾಖಲಿಸಿದ ಮೊದಲ ಪ್ರಯತ್ನಗಳಲ್ಲಿ ಒಂದು. ಇದೇ ಸೀಮೆಯ ಮ್ಯಾಸಬೇಡರಲ್ಲಿಯೂ, ಅವರು ಸಾಕುವ ದೇವರ ಎತ್ತುಗಳ ಮಡಿಯ ಕಾರಣಕ್ಕಾಗಿ, ಇಂಥದೇ ಕಟ್ಟಳೆಗಳಿದ್ದವು. ಚಿತ್ರದುರ್ಗ, ತುಮಕೂರುಗಳ ಹಟ್ಟಿಗಳಲ್ಲಿ ಮುಟ್ಟಾದವರಿಗಾಗಿ ಸರ್ಕಾರವೇ ‘ಕೃಷ್ಣ ಕುಟೀರ’ಗಳನ್ನು ಕಟ್ಟಿಸಿದಾಗ, ಮಳೆ ಚಳಿಯಿಂದ ಹೆಂಗಸರಿಗೆ ಆಸರೆಯಾಯಿತೆಂದು ಕೆಲವರೂ, ಬೇಲಿಗೆ ಸರ್ಕಾರಿ ಗೋಡೆ ಸಿಕ್ಕಂತಾಯಿತೆಂದು ಕೆಲವರೂ ವಾದಿಸಿದರು. ಎರಡನೆಯ ಮಾತಿನಲ್ಲಿಯೇ ಹೆಚ್ಚು ಹುರುಳಿದೆ.

ಲೆಕ್ಕದ ದೃಷ್ಟಿಯಿಂದ ಈ ಕಟ್ಟಳೆಯ ವಿಶೇಷವೆಂದರೆ ಅದಕ್ಕೆ ತಿಂಗಳ ಉದ್ದವೇ ಬೇಕಾಗಿರಲಿಲ್ಲ. ಮೊದಲ ದಿನ ಕಂಡರೆ ಸಾಕು, ಅಲ್ಲಿಂದ ಮೂರೋ ಐದೋ ಎಣಿಸಿದರೆ ಕೆಲಸ ಮುಗಿಯಿತು. ಹಿಂದಿನ ಮುಟ್ಟು ಎಂದಾಗಿತ್ತು, ಮುಂದಿನದು ಎಂದು ಬಂದೀತು ಎಂಬುದು ಹಟ್ಟಿಯ ಕಟ್ಟಳೆಗೆ ಸಂಬಂಧಿಸದ ವಿಷಯ. ಆ ಉದ್ದವನ್ನು ನೆನಪಿಟ್ಟುಕೊಂಡವರು ಹೆಂಗಸರೇ, ಅವರಿಗೆ ಒದಗಿದ ಅಳತೆಗೋಲು ಹುಣ್ಣಿಮೆ ಅಮಾವಾಸ್ಯೆಗಳದು. ಕಾರಹುಣ್ಣಿಮೆ, ಮಣ್ಣೆತ್ತಿನ ಅಮಾಸೆ, ಬೆಳೆದು ನಿಂತ ಹೊಲವನ್ನು ಬಸುರಿಯೆಂದು ಭಾವಿಸಿ ಚರಗ ಚೆಲ್ಲುವ ಸೀಗಿಹುಣ್ಣಿಮೆ, ಎಳ್ಳಮಾಸೆ, ಭರತಹುಣ್ಣಿಮೆ ಎಂದು ವರ್ಷವನ್ನು ಗುರುತಿಸುವ ಸಮಾಜದಲ್ಲಿ, ಇಂಥ ಹುಣ್ಣಿಮೆಗೆ ಎರಡು ದಿನ ಮೊದಲು ಹೊರಗಾದದ್ದು ಎಂದು ಹೇಳುವುದು ತಾರೀಖು ಹೇಳಿದಷ್ಟೇ ನಿಖರ. ಚಾಂದ್ರಮಾಸದ ಸರಾಸರಿ ಉದ್ದ 29.53 ದಿನ, ಇಪ್ಪತ್ತೇಳು ದಿನಕ್ಕೊಮ್ಮೆ ಮುಟ್ಟಾಗುವವಳ ದಿನ ಪ್ರತಿ ತಿಂಗಳೂ ಹುಣ್ಣಿಮೆಗಿಂತ ಎರಡೂವರೆ ದಿನ ಹಿಂದೆ ಸರಿಯುತ್ತ ಹೋದರೆ, ಮೂವತ್ತೆರಡು ದಿನದವಳದು ಅಷ್ಟೇ ಮುಂದೆ ಜಾರುತ್ತದೆ. ಹೀಗಾಗಿ ಚಂದ್ರನೊಡನೆ ಹೋಲಿಸಿ ನೋಡುವುದರಲ್ಲಿ ವ್ಯತ್ಯಾಸದ ಅರಿವೂ ಅಡಗಿತ್ತು.

ಶಾಸ್ತ್ರಗ್ರಂಥಗಳ ಲೆಕ್ಕ ಬೇರೆ ಬಗೆಯದು, ಏಕೆಂದರೆ ಅವುಗಳ ಗುರಿ ಸಂತಾನ. ಆರನೆಯ ಶತಮಾನದ ವರಾಹಮಿಹಿರನ ಬೃಹಜ್ಜಾತಕವು ತಿಂಗಳ ಸ್ರಾವಕ್ಕೆ ಚಂದ್ರ ಮತ್ತು ಕುಜರನ್ನು ಕಾರಣವೆಂದು ಹೇಳಿ ಗರ್ಭಧಾರಣೆಯ ಯೋಗಗಳನ್ನು ಒಂದು ಪ್ರತ್ಯೇಕ ಅಧ್ಯಾಯದಲ್ಲಿ ವಿವರಿಸಿತು. ಕನ್ನಡದ ಮೊದಲ ಜ್ಯೋತಿಷ ಗ್ರಂಥವಾದ ಶ್ರೀಧರಾಚಾರ್ಯನ ‘ಜಾತಕತಿಲಕ’ ಹನ್ನೊಂದನೆಯ ಶತಮಾನದಲ್ಲಿ ಇದೇ ಕಲ್ಯಾಣ ಚಾಳುಕ್ಯರ ಆಳ್ವಿಕೆಯಲ್ಲಿ ಹುಟ್ಟಿತು ಎಂಬುದರಿಂದ ಆ ಪರಂಪರೆ ಈ ಸೀಮೆಗೆ ಹೊರಗಿನದಾಗಿರಲಿಲ್ಲ. ಮನುಸ್ಮೃತಿಯ ಮೂರನೆಯ ಅಧ್ಯಾಯ ಋತುಕಾಲವನ್ನು ಹದಿನಾರು ರಾತ್ರಿಗಳೆಂದು ನಿಗದಿಪಡಿಸಿ, ಮೊದಲ ನಾಲ್ಕನ್ನೂ ಹನ್ನೊಂದು ಮತ್ತು ಹದಿಮೂರನೆಯವನ್ನೂ ಕಳೆದು, ಉಳಿದವುಗಳಲ್ಲಿ ಸಮರಾತ್ರಿಗಳಿಗೆ ಗಂಡು, ವಿಷಮರಾತ್ರಿಗಳಿಗೆ ಹೆಣ್ಣು ಎಂದಿತು. ಸುಶ್ರುತ ಸಂಹಿತೆ ಹನ್ನೆರಡು ರಾತ್ರಿಗಳ ಲೆಕ್ಕ ಕೊಟ್ಟಿತು. ಸಮ ವಿಷಮದ ಮಾತಿಗೆ ದೇಹದಲ್ಲಿ ಯಾವ ಆಧಾರವೂ ಇಲ್ಲ. ಆದರೆ ಐದರಿಂದ ಹದಿನಾರನೆಯ ರಾತ್ರಿಯವರೆಗಿನ ಕಾಲಾವಧಿಯನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ, ಏಕೆಂದರೆ ಇಪ್ಪತ್ತೆಂಟು ದಿನದ ಚಕ್ರದಲ್ಲಿ ಗರ್ಭ ನಿಲ್ಲಬಹುದಾದ ದಿನಗಳು ಬಹುಪಾಲು ಅದರೊಳಗೆ ಬೀಳುತ್ತವೆ. ಹತ್ತೊಂಬತ್ತನೆಯ ಶತಮಾನದ ಯುರೋಪಿನ ಅನೇಕ ವೈದ್ಯರು, ಬೆದೆಗೆ ಬಂದ ನಾಯಿಯ ಸ್ರಾವವನ್ನು ಹೆಂಗಸಿನ ಮುಟ್ಟಿಗೆ ಸಮವೆಂದು ಭ್ರಮಿಸಿ, ತಿಂಗಳ ನಡುಭಾಗವೇ ಗರ್ಭ ನಿಲ್ಲದ ಕಾಲವೆಂದು ಸಲಹೆ ಕೊಡುತ್ತಿದ್ದುದನ್ನು ನೋಡಿದರೆ ಹಳೆಯ ಸಂಸ್ಕೃತ ಗ್ರಂಥಕಾರರೇ ವಾಸಿ.

ಮುಟ್ಟಿನ ಲೆಕ್ಕದಲ್ಲಿ ಅತ್ಯಂತ ಭಾರದ ಅಂಕಿ ಮೊದಲನೆಯ ಮುಟ್ಟು. ಹುಡುಗಿ ದೊಡ್ಡವಳಾಗುವ ಮೊದಲೇ ಮದುವೆ ಮಾಡಬೇಕೆಂಬ ಕಟ್ಟಳೆ ಮೇಲುಜಾತಿಗಳಲ್ಲಿ ಬಲವಾಗಿದ್ದರೆ, ಈ ಸೀಮೆಯ ಬೇಡರು ಮತ್ತು ಇತರ ಕೆಲವು ಜಾತಿಗಳಲ್ಲಿ ಅದೇ ಗಡುವು ಬಸವಿ ಬಿಡುವ ಪದ್ಧತಿಗೂ ಅನ್ವಯಿಸುತ್ತಿತ್ತು. ಗಂಡುಸಂತಾನವಿಲ್ಲದ ಮನೆಯವರು ಒಬ್ಬ ಮಗಳನ್ನು ದೇವರಿಗೆ ಬಿಟ್ಟು, ಅವಳು ತವರಿನಲ್ಲಿಯೇ ಉಳಿದು ಮಗನಂತೆ ಆಸ್ತಿಗೆ ಹಕ್ಕುದಾರಳಾಗುವ ಈ ಪದ್ಧತಿ ಬಳ್ಳಾರಿ ಜಿಲ್ಲೆಯ ಪಶ್ಚಿಮ ಭಾಗದಲ್ಲಿಯೂ ಅದಕ್ಕೆ ಹೊಂದಿದ ಧಾರವಾಡ, ಮೈಸೂರು ಪ್ರದೇಶಗಳಲ್ಲಿಯೂ ಇದೆಯೆಂದು 1901ರ ಮದ್ರಾಸ್ ಜನಗಣತಿ ವರದಿ ಬರೆಯಿತು. ಅದಕ್ಕೆ ಹತ್ತು ವರ್ಷ ಮೊದಲೇ ಎಫ್. ಫಾಸೆಟ್ ಎಂಬ ಅಧಿಕಾರಿ ಬಸವಿಯರನ್ನು ಕುರಿತು ಮುಂಬಯಿಯ ಮಾನವಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಲೇಖನ ಪ್ರಕಟಿಸಿದ್ದನು, ಎಡ್ಗರ್ ಥರ್ಸ್ಟನ್ 1909ರ ತನ್ನ ಸಂಪುಟಗಳಲ್ಲಿ ಈ ಮಾಹಿತಿಯನ್ನು ಮತ್ತೆ ಬಳಸಿಕೊಂಡನು. ವಂಶದ ಬಳ್ಳಿ ಕಡಿಯದಿರಲು ಹುಡುಗಿಯೊಬ್ಬಳ ಹೆರುವ ಶಕ್ತಿಯನ್ನು ಮನೆಯಲ್ಲಿಯೇ ಉಳಿಸಿಕೊಳ್ಳುವ ಏರ್ಪಾಡು ಇದಾಗಿತ್ತು. ಕಾಲಕ್ರಮದಲ್ಲಿ ಆಸ್ತಿಯ ಹಕ್ಕು ಹೆಸರಿಗಷ್ಟೇ ಉಳಿದು ಬಡ ದಲಿತ ಮನೆಗಳ ಹುಡುಗಿಯರಿಗೆ ಬಿಟ್ಟಿ ಬದುಕು ಮಾತ್ರ ಪಾಲಿಗೆ ಬಂದಿತು. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದಲ್ಲಿ ಭರತಹುಣ್ಣಿಮೆಯ ಜಾತ್ರೆಗೆ ಪೊಲೀಸು ಕಾವಲು ಹಾಕಬೇಕಾಗಿ ಬಂದದ್ದು ಈ ಕಾರಣಕ್ಕೇ. ಮದ್ರಾಸಿನ 1947ರ ಕಾಯಿದೆಯೂ ಕರ್ನಾಟಕದ 1982ರ ಕಾಯಿದೆಯೂ ದೇವರಿಗೆ ಬಿಡುವುದನ್ನು ಅಪರಾಧವೆಂದು ಘೋಷಿಸಿದವು. ಆದರೂ 1993–94 ಮತ್ತು 2007–08ರ ಎರಡು ಸಮೀಕ್ಷೆಗಳು ಸೇರಿ ರಾಜ್ಯದಲ್ಲಿ 46,660 ದೇವದಾಸಿಯರನ್ನು ಗುರುತಿಸಿದವು.

ಕಾಯಿದೆಗಳು ಈ ಲೆಕ್ಕದ ಸ್ವರೂಪವನ್ನೇ ಬದಲಿಸಿದವು ಎಂಬುದು ಸಾಮಾನ್ಯವಾಗಿ ಗಮನಕ್ಕೆ ಬರುವುದಿಲ್ಲ. ರೂಢಿ ದೇಹದ ಚಿಹ್ನೆಯನ್ನು ನೋಡುತ್ತಿತ್ತು, ಕಾನೂನು ಹುಟ್ಟಿದ ವರ್ಷವನ್ನು ನೋಡತೊಡಗಿತು. ಮೈಸೂರು ಸಂಸ್ಥಾನ 1894ರಲ್ಲಿ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿದಾಗ ಅದು ಜಗಳೂರು, ಮೊಳಕಾಲ್ಮೂರುಗಳಿಗೆ ಅನ್ವಯಿಸಿತೇ ಹೊರತು ಗಡಿಯ ಆಚೆಗಿನ ಕೂಡ್ಲಿಗಿಗೆ ಅಲ್ಲ. ಕೂಡ್ಲಿಗಿಗೆ ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿದ 1891ರ ಬ್ರಿಟಿಷ್ ಕಾಯಿದೆಯೂ, ಹುಡುಗಿಯರ ಮದುವೆಗೆ ಹದಿನಾಲ್ಕು ವರ್ಷವೆಂದು ನಿಗದಿಪಡಿಸಿ 1930ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಾರದಾ ಕಾಯಿದೆಯೂ ಅನ್ವಯಿಸಿದವು. ಜನನ ದಾಖಲೆಯೇ ಇಲ್ಲದ ಊರುಗಳಲ್ಲಿ ವರ್ಷದ ಲೆಕ್ಕವನ್ನು ಸಾಬೀತುಪಡಿಸುವುದು ಹೇಗೆಂಬ ಪ್ರಶ್ನೆಗೆ ಆ ಕಾಯಿದೆಗಳಲ್ಲಿ ಉತ್ತರವಿರಲಿಲ್ಲ.

ದೇಹದ ಲೆಕ್ಕ ಎಲ್ಲ ಕಾಲದಲ್ಲಿಯೂ ಒಂದೇ ಆಗಿರುವುದಿಲ್ಲ ಎಂಬುದಕ್ಕೆ ಇದೇ ಸೀಮೆಯ ಇತಿಹಾಸ ಘೋರವಾದ ಸಾಕ್ಷ್ಯವನ್ನು ಒದಗಿಸುತ್ತದೆ. ಧಾತು ಮತ್ತು ಈಶ್ವರ ಸಂವತ್ಸರಗಳ, ಅಂದರೆ 1876ರಿಂದ 78ರವರೆಗಿನ, ಬರಗಾಲದಲ್ಲಿ ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿಯೇ ಅತ್ಯಂತ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಒಂದಾಗಿತ್ತು. 1871 ಮತ್ತು 1881ರ ಜನಗಣತಿಗಳ ನಡುವೆ ಅದರ ಜನಸಂಖ್ಯೆ ಸುಮಾರು ಐದನೆಯ ಒಂದು ಭಾಗ ಕುಸಿಯಿತು. ಸತ್ತವರ, ಗುಳೆ ಹೋದವರ ಲೆಕ್ಕದ ಜೊತೆಗೆ ಹುಟ್ಟದವರ ಲೆಕ್ಕವೂ ಇದರಲ್ಲಿ ಸೇರಿದೆ. ಜನಸಂಖ್ಯಾಶಾಸ್ತ್ರಜ್ಞ ಟಿಮ್ ಡೈಸನ್ ದಕ್ಷಿಣ ಏಷ್ಯಾದ ಬರಗಾಲಗಳ ಜನನ ಮರಣ ದಾಖಲೆಗಳನ್ನು ತಿಂಗಳು ತಿಂಗಳಾಗಿ ಪರಿಶೀಲಿಸಿ, ಸಾವುಗಳು ಉತ್ತುಂಗಕ್ಕೆ ಏರುವ ಮೊದಲೇ ಬಸುರು ನಿಲ್ಲುವುದು ಕಡಿಮೆಯಾಗುತ್ತದೆ ಎಂದು ತೋರಿಸಿದರು. ಗಂಡಹೆಂಡಿರು ಕೂಲಿಗಾಗಿ ಅಗಲಿರುವುದು, ಕಾಯಿಲೆ, ನಿರಾಸಕ್ತಿ ಇವೆಲ್ಲ ಕಾರಣಗಳಾಗಿದ್ದರೂ, ಹಸಿವಿನಲ್ಲಿ ಮುಟ್ಟೇ ನಿಂತುಹೋಗುವುದು ಮುಖ್ಯ ಕಾರಣಗಳಲ್ಲಿ ಒಂದು. ಅದು ಏಕೆ ನಿಲ್ಲುತ್ತದೆ ಎಂಬುದನ್ನು ವಿವರಿಸಲು ಹಟ್ಟಿಯ ಲೆಕ್ಕಕ್ಕಾಗಲಿ ಪಂಚಾಂಗದ ಲೆಕ್ಕಕ್ಕಾಗಲಿ ಉಪಕರಣವಿರಲಿಲ್ಲ. ವೈದ್ಯವಿಜ್ಞಾನಕ್ಕೂ ಆಗ ಇರಲಿಲ್ಲ.

ಜಪಾನಿನ ಕ್ಯೂಸಾಕು ಒಗಿನೊ 1924ರಲ್ಲಿಯೂ ಆಸ್ಟ್ರಿಯಾದ ಹರ್ಮನ್ ಕ್ನಾಸ್ 1928ರಲ್ಲಿಯೂ ಪ್ರತ್ಯೇಕವಾಗಿ ಕಂಡುಕೊಂಡ ಸತ್ಯ ಎಣಿಕೆಯ ದಿಕ್ಕನ್ನೇ ತಿರುಗಿಸಿತು. ಅಂಡಾಶಯದಿಂದ ಅಂಡ ಬಿಡುಗಡೆಯಾಗುವ ದಿನವನ್ನು ಹಿಂದಿನ ಮುಟ್ಟಿನಿಂದ ಮುಂದಕ್ಕೆ ಎಣಿಸಿ ಹೇಳಲಾಗದು, ಮುಂದಿನ ಮುಟ್ಟಿನಿಂದ ಹಿಂದಕ್ಕೆ ಎಣಿಸಬೇಕು. ಒಗಿನೊ ಶಸ್ತ್ರಚಿಕಿತ್ಸೆಯ ವೇಳೆ ಅಂಡಾಶಯಗಳನ್ನು ಕಣ್ಣಾರೆ ನೋಡಿ, ಆ ದಿನ ಮುಂದಿನ ಮುಟ್ಟಿಗೆ ಹನ್ನೆರಡರಿಂದ ಹದಿನಾರು ದಿನ ಮೊದಲು ಬರುತ್ತದೆಂದು ತೀರ್ಮಾನಿಸಿದನು. ಮುಂದಿನ ಮುಟ್ಟು ಇನ್ನೂ ಬಂದಿರುವುದಿಲ್ಲವಾದ್ದರಿಂದ ಈ ಜ್ಞಾನವನ್ನು ಬಳಸಲು ಹಿಂದಿನ ಹಲವು ತಿಂಗಳುಗಳ ದಾಖಲೆ ಬೇಕು. ಅತಿ ಚಿಕ್ಕ ಚಕ್ರದಿಂದ ಹದಿನೆಂಟನ್ನೂ ಅತಿ ದೊಡ್ಡ ಚಕ್ರದಿಂದ ಹನ್ನೊಂದನ್ನೂ ಕಳೆದರೆ ಗರ್ಭ ನಿಲ್ಲಬಹುದಾದ ಅವಧಿಯ ಮೊದಲ ಮತ್ತು ಕೊನೆಯ ದಿನಗಳು ಸಿಗುತ್ತವೆ ಎಂಬುದು ಪ್ರಚಾರಕ್ಕೆ ಬಂದ ಸೂತ್ರ. ಇಪ್ಪತ್ತಾರರಿಂದ ಮೂವತ್ತೊಂದು ದಿನಗಳ ನಡುವೆ ಮುಟ್ಟು ಹೊಯ್ದಾಡುವ ಹೆಂಗಸಿಗೆ ಎಂಟನೆಯ ದಿನದಿಂದ ಇಪ್ಪತ್ತನೆಯ ದಿನದವರೆಗೆ, ಅಂದರೆ ಹದಿಮೂರು ದಿನ, ಎಚ್ಚರದ ಕಾಲವಾಗುತ್ತದೆ. ಹೊಯ್ದಾಟ ಹೆಚ್ಚಿದಷ್ಟೂ ಈ ಕಾಲ ಹಿಗ್ಗುತ್ತದೆ.

ಈ ಸೂತ್ರವನ್ನು ಹಳ್ಳಿಯ ಹೆಂಗಸರ ಕೈಗೆ ಕೊಡುವ ಪ್ರಯೋಗ ಭಾರತದಲ್ಲಿ ನಡೆದದ್ದು ಕನ್ನಡದ ನೆಲದಲ್ಲಿ. ಮೈಸೂರು ಸರ್ಕಾರ 1930ರಲ್ಲಿಯೇ ತನ್ನ ಆಸ್ಪತ್ರೆಗಳಲ್ಲಿ ಸಂತಾನನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶಿಸಿ, ಸರ್ಕಾರವೊಂದು ಇಂಥ ಕೆಲಸಕ್ಕೆ ಕೈಹಾಕಿದ ಮೊದಲ ಉದಾಹರಣೆಗಳಲ್ಲಿ ಒಂದನ್ನು ಒದಗಿಸಿತ್ತು. ಸ್ವಾತಂತ್ರ್ಯಾನಂತರ ಮೊದಲ ಪಂಚವಾರ್ಷಿಕ ಯೋಜನೆ ಕುಟುಂಬ ಯೋಜನೆಗೆ 65 ಲಕ್ಷ ರೂಪಾಯಿ ಮೀಸಲಿಟ್ಟಾಗ, ಗಾಂಧಿವಾದಿಯಾಗಿದ್ದ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಸಂಯಮವನ್ನು ಆಧರಿಸಿದ ವಿಧಾನವನ್ನಷ್ಟೇ ಒಪ್ಪಲು ಸಿದ್ಧರಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ನ್ಯೂಯಾರ್ಕಿನ ವೈದ್ಯ ಅಬ್ರಹಾಂ ಸ್ಟೋನ್ ಬಂದು, 1952ರಿಂದ ದೆಹಲಿಯ ಲೋದಿ ಕಾಲೋನಿಯಲ್ಲಿಯೂ ಮೈಸೂರಿನ ರಾಮನಗರದಲ್ಲಿಯೂ ಪ್ರಾಯೋಗಿಕ ಅಧ್ಯಯನಗಳು ಆರಂಭವಾದವು. ಓದು ಬಾರದ ಹೆಂಗಸರಿಗಾಗಿ ಮಣಿಸರವೊಂದನ್ನು ರೂಪಿಸಲಾಯಿತು: ಮುಟ್ಟಿನ ದಿನಗಳಿಗೆ ಒಂದು ಬಣ್ಣ, ನಿರಾತಂಕದ ದಿನಗಳಿಗೆ ಹಸಿರು, ಗರ್ಭ ನಿಲ್ಲುವ ದಿನಗಳಿಗೆ ಕೆಂಪು. ದಿನಕ್ಕೊಂದು ಮಣಿಯನ್ನು ಆಚೆಗೆ ಸರಿಸುತ್ತ ಹೋದರೆ ತಿಂಗಳು ಮುಗಿಯುತ್ತದೆ. ಕೂಡ್ಲಿಗಿ ಹರಪನಹಳ್ಳಿಗಳು ಆ ವೇಳೆಗೆ ಇನ್ನೂ ಮದ್ರಾಸಿನಲ್ಲಿದ್ದುದರಿಂದ ಈ ಸರ ಅತ್ತ ಬರಲಿಲ್ಲ.

ಮಣಿಸರ ಸೋತಿತು. ಹಳ್ಳಿಯ ಹೆಂಗಸರಿಗೆ ಎಣಿಸಲು ಬರಲಿಲ್ಲ ಎಂಬ ವಿವರಣೆ ಬಹಳ ಕಾಲ ಚಲಾವಣೆಯಲ್ಲಿತ್ತು. ಹುಣ್ಣಿಮೆಗೆ ಎರಡು ದಿನ ಕಡಿಮೆ ಎಂದು ತಲೆಮಾರುಗಳಿಂದ ಲೆಕ್ಕ ಇಟ್ಟುಕೊಂಡವರ ವಿಷಯದಲ್ಲಿ ಅದು ಅನ್ಯಾಯದ ಮಾತು. ದೋಷವಿದ್ದದ್ದು ಸರ ತಿಂಗಳನ್ನು ಮಣಿಗಳ ನಿಶ್ಚಿತ ಸಾಲೆಂದು ಭಾವಿಸಿದ್ದರಲ್ಲಿ. ಮಗುವಿಗೆ ಒಂದೂವರೆ ಎರಡು ವರ್ಷ ಹಾಲೂಡಿಸುತ್ತಿದ್ದ ತಾಯಂದಿರಿಗೆ ಆ ಕಾಲದ ಬಹುಭಾಗ ಮುಟ್ಟೇ ಇರುತ್ತಿರಲಿಲ್ಲ, ಮತ್ತೆ ಶುರುವಾದಾಗ ಕ್ರಮವಿರುತ್ತಿರಲಿಲ್ಲ, ಕ್ರಮ ಬರುವಷ್ಟರಲ್ಲಿ ಮುಂದಿನ ಬಸುರು. ಯಾವ ಹೆಂಗಸಿನ ಚಕ್ರವೂ ಬದುಕಿಡೀ ಒಂದೇ ಅಳತೆಯಲ್ಲಿ ನಡೆಯುವುದಿಲ್ಲ ಎಂಬುದನ್ನು ಅಮೆರಿಕದ ಮಿನೆಸೋಟದಲ್ಲಿ ಅಲನ್ ಟ್ರೆಲೋರ್ 1934ರಿಂದ ಸಂಗ್ರಹಿಸಿದ ದಾಖಲೆಗಳು ಸಾಬೀತುಪಡಿಸಿದವು. 1967ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 2,702 ಮಹಿಳೆಯರು ಬರೆದಿಟ್ಟ ದಿನಾಂಕಗಳಿದ್ದವು, ಮೊದಲ ಮುಟ್ಟಿನ ನಂತರದ ಕೆಲವು ವರ್ಷಗಳಲ್ಲಿಯೂ ಮುಟ್ಟು ನಿಲ್ಲುವ ಮುಂಚಿನ ಕೆಲವು ವರ್ಷಗಳಲ್ಲಿಯೂ ಏರಿಳಿತ ಅತಿ ಹೆಚ್ಚೆಂದು ಅವು ತೋರಿಸಿದವು. ಇದೇ ಮಣಿಸರ ಅರ್ಧ ಶತಮಾನದ ನಂತರ, ಇಪ್ಪತ್ತಾರರಿಂದ ಮೂವತ್ತೆರಡು ದಿನಗಳ ಚಕ್ರವುಳ್ಳವರಿಗೆ ಮಾತ್ರ ಎಂಬ ಎಚ್ಚರಿಕೆಯೊಡನೆ, ಜಾರ್ಜ್‌ಟೌನ್ ವಿಶ್ವವಿದ್ಯಾಲಯದಿಂದ ಹೊಸ ರೂಪದಲ್ಲಿ ಬಂದು ಉತ್ತರ ಭಾರತದಲ್ಲಿ ‘ಮಾಲಾ ಚಕ್ರ’ವಾಯಿತು. ಕರ್ನಾಟಕದ ಸರ್ಕಾರಿ ಕುಟುಂಬ ಯೋಜನೆ ಅಷ್ಟರಲ್ಲಿ ಎಣಿಕೆಯನ್ನೇ ಕೈಬಿಟ್ಟಿತ್ತು: ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ಸಂತಾನಹರಣ ಶಸ್ತ್ರಚಿಕಿತ್ಸೆಯಾದ ರಾಜ್ಯದಲ್ಲಿ ದಿನ ನೋಡುವ ಅಗತ್ಯವೇ ಉಳಿಯಲಿಲ್ಲ.

ದಿನಗಳನ್ನು ಬಿಟ್ಟು ರಕ್ತದಲ್ಲಿರುವ ವಸ್ತುಗಳ ಪ್ರಮಾಣವನ್ನು ಎಣಿಸಿದಾಗ ಮಾತ್ರ ತಿಂಗಳ ಒಳಗಿನ ಕಾರ್ಯಕಾರಣ ತಿಳಿಯುವಂತಾಯಿತು. ಹಾರ್ಮೋನು ಎಂದರೆ ಒಂದು ಗ್ರಂಥಿಯಲ್ಲಿ ಹುಟ್ಟಿ, ರಕ್ತದಲ್ಲಿ ಹರಿದು, ದೂರದ ಅಂಗಕ್ಕೆ ಆಜ್ಞೆ ಮುಟ್ಟಿಸುವ ರಾಸಾಯನಿಕ. ಅಂಡಾಶಯದ ಈಸ್ಟ್ರೋಜೆನ್ 1929ರಲ್ಲಿಯೂ, ಅಂಡ ಹೊರಬಂದ ಮೇಲೆ ಉಳಿಯುವ ಹಳದಿಕಾಯದಲ್ಲಿ ಉತ್ಪತ್ತಿಯಾಗುವ ಪ್ರೊಜೆಸ್ಟರಾನ್ 1934ರಲ್ಲಿಯೂ ಶುದ್ಧರೂಪದಲ್ಲಿ ದೊರೆತವು. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಎಫ್‌ಎಸ್‌ಎಚ್ ಮತ್ತು ಎಲ್‌ಎಚ್ ಎಂಬ ಎರಡು ಹಾರ್ಮೋನುಗಳಿಂದ ಅಂಡಾಶಯವನ್ನು ಪ್ರಚೋದಿಸುತ್ತದೆ, ಅಂಡಾಶಯ ತನ್ನ ಹಾರ್ಮೋನುಗಳಿಂದ ಪಿಟ್ಯುಟರಿಯನ್ನು ಹತ್ತಿಕ್ಕುತ್ತದೆ ಎಂದು ಷಿಕಾಗೋದ ಕಾರ್ಲ್ ಮೂರ್ ಮತ್ತು ಡೊರೊಥಿ ಪ್ರೈಸ್ 1932ರಲ್ಲಿ ಪ್ರತಿಪಾದಿಸಿದರು. ಇದನ್ನು ಗಣಿತಕ್ಕೆ ಇಳಿಸಲು ಮಳೆನೀರಿನ ಕೆರೆಯೊಂದನ್ನು ನೆನೆದರೆ ಸಾಕು: ಕೆರೆಯ ಮಟ್ಟ ಏರುವ ವೇಗವೆಂದರೆ ಹಳ್ಳದಿಂದ ಒಳಬರುವ ನೀರಿನಿಂದ ತೂಬಿನಲ್ಲಿ ಹೊರಹೋಗುವ ನೀರನ್ನು ಕಳೆದು ಉಳಿದದ್ದು. ರಕ್ತದಲ್ಲಿರುವ ಪ್ರತಿ ಹಾರ್ಮೋನಿಗೂ ಇಂಥ ಒಂದು ವಾಕ್ಯ ಬರೆಯಬಹುದು, ಅದರ ಗಣಿತ ರೂಪಕ್ಕೆ ಅವಕಲ ಸಮೀಕರಣವೆಂದು ಹೆಸರು. ವ್ಯತ್ಯಾಸವೆಂದರೆ ಇಲ್ಲಿ ಒಂದು ಹಾರ್ಮೋನಿನ ಒಳಹರಿವನ್ನು ಇನ್ನೊಂದು ಹಾರ್ಮೋನಿನ ಮಟ್ಟ ನಿರ್ಧರಿಸುತ್ತದೆ.

ಹೆರಾಲ್ಡ್ ಲ್ಯಾಂಪೋರ್ಟ್ 1940ರಲ್ಲಿ ರಕ್ತದ ಈಸ್ಟ್ರೋಜೆನ್ ಏರಿಳಿತಕ್ಕೆ ಹೀಗೆ ಸಮೀಕರಣ ಕಟ್ಟಲು ಯತ್ನಿಸಿದನು, 1952ರಲ್ಲಿ ಅನಾಟೊಲ್ ರ‍್ಯಾಪೊಪೋರ್ಟ್ ಆ ಬಗೆಯ ವ್ಯವಸ್ಥೆಗಳ ಆವರ್ತನೆಯನ್ನು ಇನ್ನಷ್ಟು ಪರಿಶೀಲಿಸಿದನು. ಎರಡೇ ವಸ್ತುಗಳು ಒಂದನ್ನೊಂದು ನೇರ ಅನುಪಾತದಲ್ಲಿ ನಿಯಂತ್ರಿಸುವ ಇಂಥ ವ್ಯವಸ್ಥೆಯಲ್ಲಿ ಏಳುಬೀಳು ಕ್ರಮೇಣ ಅಡಗಿ ಮಟ್ಟ ಒಂದೇ ಕಡೆ ನಿಲ್ಲುತ್ತದೆ, ತಿಂಗಳು ತಿಂಗಳಿಗೂ ಮರಳಿ ಬರುವ ಚಕ್ರ ಅದರಿಂದ ಹುಟ್ಟುವುದಿಲ್ಲ. ಅಂಡ ಬಿಡುಗಡೆಗೆ ಮುನ್ನ ಎಲ್‌ಎಚ್ ಒಮ್ಮೆಲೇ ಉಕ್ಕುವುದನ್ನೂ ಅದು ವಿವರಿಸಲಾರದು. ಹತ್ತಿಕ್ಕಬೇಕಾದ ಈಸ್ಟ್ರೋಜೆನ್ನೇ ಹೆಚ್ಚಿನ ಪ್ರಮಾಣದಲ್ಲಿ, ಸಾಕಷ್ಟು ಹೊತ್ತು ಇದ್ದರೆ, ಪಿಟ್ಯುಟರಿಯನ್ನು ಉದ್ರೇಕಿಸುತ್ತದೆ ಎಂಬ ವಿಚಿತ್ರ ಸತ್ಯ ಈ ಒಗಟಿಗೆ ಉತ್ತರ. ಮಂಗಗಳ ಮೇಲೆ ಅರ್ನ್‌ಸ್ಟ್ ನೋಬಿಲ್ ಅವರ ತಂಡ 1970ರ ದಶಕದಲ್ಲಿ ನಡೆಸಿದ ಪ್ರಯೋಗಗಳು ಆ ಮಿತಿಯನ್ನು ಅಳೆದವು: ಈಸ್ಟ್ರೋಜೆನ್ನಿನ ಮುಖ್ಯ ರೂಪವಾದ ಎಸ್ಟ್ರಡೈಯೋಲ್ ಮಿಲಿಲೀಟರಿಗೆ ಸುಮಾರು 200 ಪಿಕೋಗ್ರಾಂನಷ್ಟು ಎರಡು ದಿನದಷ್ಟು ಕಾಲ ಉಳಿದರೆ ಎಲ್‌ಎಚ್ ಉಕ್ಕುತ್ತದೆ, ಪಿಕೋಗ್ರಾಂ ಎಂದರೆ ಒಂದು ಗ್ರಾಂನ ಲಕ್ಷ ಕೋಟಿಯ ಒಂದು ಭಾಗ. ಇಷ್ಟು ಕಿರಿದನ್ನು ಅಳೆಯುವ ರೇಡಿಯೊ ಇಮ್ಯುನೊ ವಿಧಾನವನ್ನು ರೂಪಿಸಿದ ರೊಸಲಿನ್ ಯಾಲೋ ಅವರೂ, ಪಿಟ್ಯುಟರಿಗೆ ಆಜ್ಞೆ ಕೊಡುವ ಮೆದುಳಿನ ಹಾರ್ಮೋನುಗಳನ್ನು ಗುರುತಿಸಿದ ಶಾಲಿ ಮತ್ತು ಗಿಯ್ಯಮಾನ್ ಅವರೂ 1977ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ಆ ಮೆದುಳಿನ ಹಾರ್ಮೋನುಗಳಲ್ಲಿ ಒಂದಾದ ಜಿಎನ್‌ಆರ್‌ಎಚ್ ಎಡೆಬಿಡದೆ ಹರಿಯುವುದಿಲ್ಲ, ಮಿಡಿಮಿಡಿದು ಬರುತ್ತದೆ. ಗಂಟೆಗೊಮ್ಮೆ ಮಿಡಿದರೆ ಪಿಟ್ಯುಟರಿ ಕೆಲಸ ಮಾಡುತ್ತದೆ, ಸತತವಾಗಿ ಹರಿಸಿದರೆ ಸುಮ್ಮನಾಗುತ್ತದೆ ಎಂದೂ ನೋಬಿಲ್ ತಂಡವೇ 1978ರಲ್ಲಿ ತೋರಿಸಿತು. ಧಾತು ಈಶ್ವರ ಬರದಲ್ಲಿ ಬಳ್ಳಾರಿಯ ಹೆಂಗಸರ ಮುಟ್ಟು ನಿಂತದ್ದಕ್ಕೂ ರಾಮನಗರದ ಹಾಲೂಡಿಸುವ ತಾಯಂದಿರ ಮಣಿಸರ ನಿರುಪಯೋಗಿಯಾದದ್ದಕ್ಕೂ ವಿವರಣೆ ಸಿಗುವುದು ಇಲ್ಲಿಯೇ, ಏಕೆಂದರೆ ದೇಹಕ್ಕೆ ಅನ್ನದ ಕೊರತೆಯಾದಾಗಲೂ ಮಗು ಮೊಲೆಯುಣ್ಣುತ್ತಿರುವಾಗಲೂ ಈ ಮಿಡಿತ ನಿಧಾನವಾಗುತ್ತದೆ, ಅದರ ಹಿಂದೆಯೇ ಎಲ್‌ಎಚ್, ಅಂಡದ ಬೆಳವಣಿಗೆ, ಈಸ್ಟ್ರೋಜೆನ್ ಎಲ್ಲವೂ ಸಾಲಾಗಿ ತಗ್ಗುತ್ತವೆ.

ಇಡೀ ಚಕ್ರವನ್ನು ಗಣಕಯಂತ್ರದಲ್ಲಿ ಓಡಿಸುವ ಮಾದರಿಗಳು 1969ರಿಂದ 1972ರ ನಡುವೆ ಬಂದವು. ಅವುಗಳಲ್ಲಿ ಬೊಗುಮಿಲ್, ವಾಂಡೆ ವೀಲೆ ಮತ್ತು ಸಂಗಡಿಗರದು ಹೆಸರಾದದ್ದು. ಮೂವತ್ತು ವರ್ಷಗಳ ನಂತರ ನಾರ್ತ್ ಕೆರೊಲಿನಾದ ಪಾಲ್ ಷ್ಲಾಸರ್ ಮತ್ತು ಜೇಮ್ಸ್ ಸೆಲ್‌ಗ್ರೇಡ್ ಒಂದು ಚತುರ ದಾರಿ ಹಿಡಿದರು. ಪಿಟ್ಯುಟರಿಗೆ ನಾಲ್ಕು ಸಮೀಕರಣ, ಅಂಡಾಶಯದ ಕೋಶ ಬೆಳೆದು, ಒಡೆದು, ಹಳದಿಕಾಯವಾಗಿ ಕ್ಷಯಿಸುವ ಒಂಬತ್ತು ಹಂತಗಳಿಗೆ ಒಂಬತ್ತು ಸಮೀಕರಣ ಎಂದು ಎರಡನ್ನೂ ಬೇರೆಬೇರೆಯಾಗಿ ಕಟ್ಟಿ, 33 ಮಹಿಳೆಯರಿಂದ ದೊರೆತಿದ್ದ ದಿನದಿನದ ರಕ್ತಪರೀಕ್ಷೆಯ ಅಂಕಿಗಳಿಗೆ ಹೊಂದಿಸಿ, ಆಮೇಲೆ ಜೋಡಿಸಿದರು. ಇವು ವಿಳಂಬವುಳ್ಳ ಸಮೀಕರಣಗಳು, ಅಂದರೆ ಇಂದಿನ ಬದಲಾವಣೆ ಇಂದಿನ ಮಟ್ಟವನ್ನಲ್ಲದೆ ಕೆಲವು ಕಾಲ ಹಿಂದಿನ ಮಟ್ಟವನ್ನೂ ಅವಲಂಬಿಸುತ್ತದೆ. ಲಿಯೋನಾ ಹ್ಯಾರಿಸ್ ಕ್ಲಾರ್ಕ್ ಅವರೊಡನೆ 2003ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇವರು ಕಂಡದ್ದು ಅನಿರೀಕ್ಷಿತವಾಗಿತ್ತು. ಅದೇ ಹದಿಮೂರು ಸಮೀಕರಣಗಳಿಗೆ, ಅದೇ ಸ್ಥಿರಾಂಕಗಳಿಗೆ, ಎರಡು ನೆಲೆಯಾದ ಚಕ್ರಗಳಿದ್ದವು: ಒಂದರಲ್ಲಿ ಎಲ್‌ಎಚ್ ಉಕ್ಕಿ ಅಂಡ ಹೊರಬರುತ್ತದೆ, ಇನ್ನೊಂದರಲ್ಲಿ ಹಾರ್ಮೋನುಗಳು ಏರಿಳಿಯುತ್ತಿದ್ದರೂ ಉಕ್ಕೇಳುವುದಿಲ್ಲ, ಅಂಡ ಬರುವುದಿಲ್ಲ. ಮಾದರಿಯಲ್ಲಿ ಹೊರಗಿನಿಂದ ಈಸ್ಟ್ರೋಜೆನ್ ಸೇರಿಸಿದರೆ ಚಕ್ರ ಮೊದಲನೆಯದರಿಂದ ಎರಡನೆಯದಕ್ಕೆ ಜಾರುತ್ತದೆ, ಪ್ರೊಜೆಸ್ಟರಾನ್ ಕೊಟ್ಟರೆ ಹಿಂತಿರುಗಬಹುದು. ಅಂಡಾಶಯದಲ್ಲಿ ನೀರುಗುಳ್ಳೆಗಳು ಎಂದು ಊರಿನ ಹೆಂಗಸರು ಸ್ಕ್ಯಾನಿಂಗ್ ವರದಿ ಹಿಡಿದು ಹೇಳುವ, ಪಿಸಿಓಎಸ್ ಎಂಬ ತೊಂದರೆಯ ಸ್ವಭಾವಕ್ಕೆ ಈ ಎರಡನೆಯ ಚಕ್ರ ಹತ್ತಿರದ್ದು.

ಈ ಸಮೀಕರಣಗಳ ಹಿಂದಿರುವ ಜೀವಶಾಸ್ತ್ರಕ್ಕೆ ಕರ್ನಾಟಕದ ಕೊಡುಗೆಯೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಆರ್. ಮೌದ್ಗಲ್ ಅವರು ಒಂದು ಹಾರ್ಮೋನಿನ ವಿರುದ್ಧವೇ ಪ್ರತಿಕಾಯಗಳನ್ನು ಬೆಳೆಸಿ, ಅವುಗಳಿಂದ ಆ ಹಾರ್ಮೋನನ್ನು ಕಟ್ಟಿಹಾಕಿ, ಅದಿಲ್ಲದಾಗ ಯಾವ ಕೆಲಸ ನಿಲ್ಲುತ್ತದೆಂದು ನೋಡುವ ವಿಧಾನವನ್ನು ದಶಕಗಳ ಕಾಲ ಬಳಸಿದರು. ಅವರ ಪ್ರಯೋಗಗಳಿಗೆ ಒದಗಿದ್ದು ಹಂಪಿಯ ಗೋಪುರಗಳ ಮೇಲೂ ಉಚ್ಚಂಗಿಯ ಮೆಟ್ಟಿಲುಗಳ ಮೇಲೂ ಕಾಣುವ ನಮ್ಮ ಸಾಮಾನ್ಯ ಕೋತಿ, ಅದರ ಋತುಚಕ್ರವೂ ಸುಮಾರು ಇಪ್ಪತ್ತೆಂಟು ದಿನದ್ದು. ಧಾರವಾಡದಲ್ಲಿ ಎಸ್. ಕೆ. ಸೈದಾಪುರ ಅವರ ತಂಡ ಕಪ್ಪೆಗಳ ಅಂಡಾಶಯದ ವಾರ್ಷಿಕ ಚಕ್ರವನ್ನು ಅಧ್ಯಯನ ಮಾಡಿತು.

ಐದು ತಾಲ್ಲೂಕುಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಈಗ ಚಾಲ್ತಿಯಲ್ಲಿರುವ ಲೆಕ್ಕ ಈ ಸಮೀಕರಣಗಳಿಗಿಂತ ಬಹಳ ಹಳೆಯದು. ತಾಯಿ ಕಾರ್ಡಿನಲ್ಲಿ ಕೊನೆಯ ಮುಟ್ಟಿನ ಮೊದಲ ದಿನವನ್ನು ಬರೆದು, ಅದಕ್ಕೆ ಒಂಬತ್ತು ತಿಂಗಳು ಏಳು ದಿನ ಕೂಡಿಸಿ ಹೆರಿಗೆಯ ದಿನ ತೆಗೆಯುವ, 280 ದಿನಗಳ ಆ ನಿಯಮ ಜರ್ಮನಿಯ ನೇಗೆಲೆ ಎಂಬ ವೈದ್ಯನ ಹೆಸರಿನಲ್ಲಿ ಹತ್ತೊಂಬತ್ತನೆಯ ಶತಮಾನದಿಂದ ಬಂದದ್ದು. ತಿಂಗಳು ಯಾವಾಗ ನಿಂತವು ಎಂದು ಆರೋಗ್ಯ ಸಹಾಯಕಿ ಕೇಳಿದಾಗ ಹುಣ್ಣಿಮೆಯ ಹೆಸರು ಉತ್ತರವಾಗಿ ಬಂದರೆ, ಕ್ಯಾಲೆಂಡರಿನಲ್ಲಿ ಅದನ್ನು ತಾರೀಖಾಗಿಸುವ ಕೆಲಸವೂ ಅವಳದೇ. ಆ ನಿಯಮ ಅಂಡ ಹದಿನಾಲ್ಕನೆಯ ದಿನ ಹೊರಬಂದಿತೆಂದು ಭಾವಿಸುತ್ತದೆ. ಆದರೆ ಮೊಬೈಲ್ ಆ್ಯಪಿನಲ್ಲಿ ದಾಖಲಾದ ಆರು ಲಕ್ಷಕ್ಕೂ ಹೆಚ್ಚು ಚಕ್ರಗಳ ವಿಶ್ಲೇಷಣೆ 2019ರಲ್ಲಿ ಪ್ರಕಟವಾದಾಗ ಚಕ್ರದ ಸರಾಸರಿ ಉದ್ದ 29.3 ದಿನ, ಅಂಡ ಹೊರಬರುವ ಮುಂಚಿನ ಭಾಗ 16.9 ದಿನ, ಆಮೇಲಿನ ಭಾಗ 12.4 ದಿನವೆಂದು ತಿಳಿದುಬಂದಿತು. ಮೊದಲ ಮೂರು ತಿಂಗಳೊಳಗೆ ಸ್ಕ್ಯಾನಿಂಗ್ ಮಾಡಿಸಿ ಭ್ರೂಣದ ಉದ್ದವನ್ನು ಅಳೆದು ದಿನಾಂಕ ತಿದ್ದುವುದು ಈ ಕಾರಣಕ್ಕೆ. ಮಕ್ಕಳಾಗದೆಂದು ದಾವಣಗೆರೆಗೋ ಬಳ್ಳಾರಿಗೋ ಹೋಗುವ ಹೆಂಗಸಿಗೆ ಇಪ್ಪತ್ತೊಂದನೆಯ ದಿನ ಪ್ರೊಜೆಸ್ಟರಾನ್ ಪರೀಕ್ಷೆ ಬರೆದುಕೊಡುವ ವಾಡಿಕೆಯಲ್ಲಿಯೂ ಇಪ್ಪತ್ತೆಂಟು ದಿನದ ಇದೇ ಊಹೆ ಅಡಗಿದೆ. ಮೂವತ್ತೈದು ದಿನಕ್ಕೊಮ್ಮೆ ಮುಟ್ಟಾಗುವವಳಿಗೆ ಅಂಡ ಹೊರಬರುವುದೇ ಇಪ್ಪತ್ತೊಂದನೆಯ ದಿನದ ಆಸುಪಾಸಿನಲ್ಲಾದ್ದರಿಂದ ಆ ದಿನದ ರಕ್ತದಲ್ಲಿ ಪ್ರೊಜೆಸ್ಟರಾನ್ ಇನ್ನೂ ಏರಿರುವುದಿಲ್ಲ, ಅಂಡವೇ ಬರುತ್ತಿಲ್ಲವೆಂಬ ತಪ್ಪು ತೀರ್ಮಾನಕ್ಕೆ ಅದು ದಾರಿಯಾಗುತ್ತದೆ. ಅಂಥವಳ ರಕ್ತವನ್ನು ತೆಗೆಯಬೇಕಾದದ್ದು ಇಪ್ಪತ್ತೆಂಟನೆಯ ದಿನ, ಅಂದರೆ ಒಗಿನೊ ಕಲಿಸಿದಂತೆ ಹಿಂದಕ್ಕೆ ಎಣಿಸಿ, ಮುಂದಿನ ಮುಟ್ಟಿಗೆ ಏಳು ದಿನ ಮೊದಲು.